ಪದಚರ್ಚೆ: ಬಾಯೊಳಗಿನ ಮೂಳೆಯ ಉಬ್ಬನ್ನು ಕನ್ನಡದಲ್ಲಿ ಏನಂತ ಕರೆಯೋಣ?

ಎಲ್ಲರಿಗೂ ನಮಸ್ಕಾರ.

ದಂತವೈದ್ಯರು ಟೋರಸ್ ಅನ್ನುತ್ತಾರಲ್ಲ, ಅದಕ್ಕೊಂದು ಕನ್ನಡ ಪದ ಬೇಕಾಗಿದೆ. ಅಂಗುಳದ ನಡುವೆಯೋ ಕೆಳದವಡೆಯ ಒಳಮಗ್ಗುಲಲ್ಲೋ ಮೂಳೆಯೇ ಉಬ್ಬಿ ನಿಂತಿರುತ್ತದೆ. ಅಪಾಯವಿಲ್ಲ, ನೋವಿಲ್ಲ, ತುಂಬ ಜನಕ್ಕೆ ಇದೆ. ಇದು ಇರುವವರು ಓದಲಿ ಅಂತ ಒಂದು ಪುಟದ ಸರಳ ಮಾಹಿತಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಕೈ ನಿಂತಿದೆ. ನನ್ನ ಬಾಯಲ್ಲೂ ಇದೆ. ಹಾಗಾಗಿ ಪದ ತಪ್ಪಿದರೆ ಓದುವವರ ಮನಸ್ಸು ಎಲ್ಲಿಗೆ ಓಡುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಮೊದಲು ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. ಟೋರಸ್ ಎರಡು ಜಾಗದಲ್ಲಿ ಬರುತ್ತದೆ. ಒಂದು, ಗಟ್ಟಿ ಅಂಗುಳದ ನಟ್ಟನಡುವೆ, ಎಡಬಲದ ಮೂಳೆಗಳು ಕೂಡುವ ಗೆರೆಯ ಮೇಲೆ. ಇವುಗಳಲ್ಲಿ ಹೆಚ್ಚಿನವು 2 ಸೆಂಟಿಮೀಟರಿಗಿಂತ ಚಿಕ್ಕವು. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು 2 ಪಟ್ಟು ಜಾಸ್ತಿ. ಇನ್ನೊಂದು, ಕೆಳದವಡೆಯಲ್ಲಿ ನಾಲಿಗೆಯ ಕಡೆಗೆ, ಕೋರೆಹಲ್ಲಿನ ಹಿಂದಿರುವ ಸಣ್ಣ ದವಡೆಹಲ್ಲುಗಳ ಕೆಳಗೆ. ಇದು 10ರಲ್ಲಿ 9 ಜನಕ್ಕೆ ಎರಡೂ ಬದಿಯಲ್ಲಿ ಇರುತ್ತದೆ. ವಸಡಿನ ಹೊರಗಡೆ, ಕೆನ್ನೆಯ ಕಡೆಗೆ ಸಾಲಾಗಿ ಬರುವುದೂ ಉಂಟು. ಅದನ್ನು ಎಕ್ಸಾಸ್ಟೋಸಿಸ್ ಅನ್ನುತ್ತಾರೆ. ಮೂರೂ ಅದೇ ದವಡೆಯ ಮೂಳೆಯೇ ಹೊರತು ಬೇರೆಯದಲ್ಲ. ಸಾಮಾನ್ಯವಾಗಿ ಹದಿಹರೆಯದ ಆಚೀಚೆ ಕಾಣಿಸಿಕೊಂಡು ತೀರ ನಿಧಾನವಾಗಿ ಬೆಳೆಯುತ್ತವೆ. ಮನೆತನದಲ್ಲಿ ಹರಿದು ಬರುವುದುಂಟು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸಕ್ಕೂ ಇದಕ್ಕೂ ನಂಟು ಹೇಳುತ್ತಾರೆ.

ಈಗ ಪದಕ್ಕೆ ಬರೋಣ. ಸದ್ಯ ಬಳಕೆಯಲ್ಲಿ ಸಿಗುವುದು ‘ಗಡ್ಡೆ’. ‘ಅಂಗುಳದ ಗಡ್ಡೆ’, ‘ಬಾಯಿಯಲ್ಲಿ ಮೂಳೆ ಗಡ್ಡೆ’ ಅಂತ. ಇದಕ್ಕೆ ನನ್ನ ತಕರಾರು ಗಟ್ಟಿಯಾಗಿದೆ. ಮಣ್ಣಿನಲ್ಲಿ ಬೆಳೆಯುವುದು ಗಡ್ಡೆ, ಸರಿ. ಆದರೆ ಮೈಗೆ ಸಂಬಂಧಿಸಿ ಗಡ್ಡೆ ಅಂದ ಕೂಡಲೇ ನಾವೆಲ್ಲ ಕೇಳಿಸಿಕೊಳ್ಳುವುದು ಮೆದುಳಿನ ಗಡ್ಡೆ, ಗರ್ಭಕೋಶದ ಗಡ್ಡೆ. ಆಪರೇಷನ್ ಯಾವಾಗ ಅನ್ನುವುದೇ ಮುಂದಿನ ಪ್ರಶ್ನೆ. ಆಮೇಲೆ ‘ಇದು ಕ್ಯಾನ್ಸರ್ ಅಲ್ಲದ ಗಡ್ಡೆ’ ಅಂತ ಸಮಾಧಾನ ಹೇಳುತ್ತೇವೆ. ಹೆದರಿದವರ ಕಿವಿಗೆ ಬೀಳುವುದು ಆ ಸಾಲಿನ ಎರಡನೆಯ ಪದ ಮಾತ್ರ. ‘ಅಲ್ಲದ’ ಅನ್ನುವುದು ಅಲ್ಲೇ ಕಳೆದುಹೋಗುತ್ತದೆ. ಜೊತೆಗೆ, ಆಸ್ಟಿಯೋಮಾ ಅಂತ ಮೂಳೆಯದ್ದೇ ನಿಜವಾದ ಗಡ್ಡೆ ಒಂದಿದೆ. ಅದೂ ಕ್ಯಾನ್ಸರ್ ಅಲ್ಲ. ಆದರೆ ದವಡೆಯಲ್ಲಿ ಅಂಥವು ಹಲವು ಕಂಡರೆ, ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಅನ್ನುವ ಸಣ್ಣ ಕುಡಿಗಳು ಬರುವ ಗಾರ್ಡ್‌ನರ್ ಸಿಂಡ್ರೋಮ್ ಇರಬಹುದೇ ಅಂತ ವೈದ್ಯರು ನೋಡುತ್ತಾರೆ. ಗಡ್ಡೆ ಎಂಬ ಪದವನ್ನು ಅಂಥದ್ದಕ್ಕೆ ಉಳಿಸಿಕೊಂಡರೆ ಒಳ್ಳೆಯದಲ್ವಾ?

‘ದುರ್ಮಾಂಸ’ ಅಂತಲೂ ಕೆಲವರು ಹೇಳುತ್ತಾರೆ. ಇದು ಮಾಂಸವೇ ಅಲ್ಲ. ಕೈಬಿಡಬಹುದು.

‘ಮೂಳೆ ಬೆಳವಣಿಗೆ’ ನೋಡಲು ನೇರವಾಗಿದೆ, ಆದರೆ ಓದಿದವರು ದಾರಿ ತಪ್ಪುತ್ತಾರೆ. ಮಕ್ಕಳ ಮೂಳೆ ಬೆಳವಣಿಗೆಗೆ ಕ್ಯಾಲ್ಸಿಯಂ ಬೇಕು ಅಂತ ಓದಿ ಓದಿ ಆ ಜೋಡಿಪದಕ್ಕೆ ಬೇರೆಯದೇ ಅರ್ಥ ಕೂತುಬಿಟ್ಟಿದೆ. ‘ಬೆಳವಣಿಗೆ’ ಅಂದರೆ ಈಗಲೂ ಬೆಳೆಯುತ್ತಲೇ ಇದೆ ಅನ್ನುವ ಧ್ವನಿಯೂ ಇದೆ. ‘ಎಕ್ಸ್‌ಟ್ರಾ ಬೋನ್ ಅಷ್ಟೇ, ಏನೂ ಆಗಲ್ಲ’ ಅನ್ನುವುದು ಕ್ಲಿನಿಕ್ಕಿನ ಮಾತು. ಆಡುಮಾತಿಗೆ ಸಾಕು. ಆದರೆ ಅದನ್ನೇ ‘ಹೆಚ್ಚುವರಿ ಮೂಳೆ’ ಅಂತ ಬರೆದರೆ ಬೇರೊಂದು ಮೂಳೆ ಬಂದು ಸೇರಿಕೊಂಡಿದೆ ಅನ್ನಿಸುತ್ತದೆ.

ಉಳಿದದ್ದು ‘ಗಂಟು’ ಮತ್ತು ‘ಉಬ್ಬು’. ಜನ ತಾವಾಗಿ ಹೇಳುವುದು ಗಂಟು. ‘ಅಂಗುಳಲ್ಲಿ ಏನೋ ಗಂಟು ಸಿಗುತ್ತಿದೆ’ ಅಂತಲೇ ಶುರು ಮಾಡುತ್ತಾರೆ. ಆದರೆ ಗಂಟು ಅಂದಾಗ ಚರ್ಮದಡಿ ಬೆರಳಿಗೆ ಸಿಕ್ಕಿ ಆಚೀಚೆ ಜಾರುವಂಥದ್ದೇ ಮನಸ್ಸಿಗೆ ಬರುತ್ತದೆ. ‘ಎದೆಯಲ್ಲಿ ಗಂಟು’ ಅನ್ನುವ ಎಚ್ಚರಿಕೆಯ ಮಾತೂ ಅದರ ಬೆನ್ನಿಗಿದೆ. ಟೋರಸ್ ಜಾರುವುದಿಲ್ಲ. ನಾಲಿಗೆಯ ತುದಿಯಿಂದ ಒತ್ತಿದರೆ ಕಲ್ಲಿನ ಹಾಗೆ ಕದಲದೆ ನಿಂತಿರುತ್ತದೆ. ಮೇಲಿನ ತೆಳು ಪೊರೆ ಮಾತ್ರ ನುಣ್ಣಗೆ ತಾಗುತ್ತದೆ.

ನನ್ನ ಒಲವು ‘ಉಬ್ಬು’ ಕಡೆಗೆ. ಉಬ್ಬುಹಲ್ಲು, ಉಬ್ಬುಶಿಲ್ಪ, ರಸ್ತೆಯ ಉಬ್ಬು. ಎಲ್ಲದರಲ್ಲೂ ಹೇಳುತ್ತಿರುವುದು ಆಕಾರ, ಕಾಯಿಲೆ ಅಲ್ಲ. ‘ಊತ’ ಅಂದರೆ ಇಳಿಯಬೇಕಾದದ್ದು, ‘ಬಾವು’ ಅಂದರೆ ನೋವಿರುವುದು. ಉಬ್ಬಿಗೆ ಆ ಎರಡೂ ಹಂಗಿಲ್ಲ. ಮೂಲ ಹೆಸರೂ ಆಕಾರದಿಂದಲೇ ಬಂದದ್ದು. ಟೋರಸ್ ಲ್ಯಾಟಿನ್ ಪದ. ಉಬ್ಬು, ಮೆತ್ತೆ ಎಂಬ ಅರ್ಥಗಳಿವೆ. ಅಂಗುಳದ ಉಬ್ಬಿಗೆ ಈ ಹೆಸರಿಟ್ಟವರು ಜರ್ಮನಿಯ ವೈದ್ಯವಿಜ್ಞಾನಿಗಳಾದ ಕುಪ್ಫರ್ ಮತ್ತು ಬೆಸೆಲ್-ಹಾಗೆನ್, 1879ರಲ್ಲಿ. ಅವರು ನೋಡುತ್ತಿದ್ದದ್ದು ರೋಗಿಗಳನ್ನಲ್ಲ, ತಲೆಬುರುಡೆಗಳನ್ನು. ಕಟ್ಟಡ ಶಿಲ್ಪದಲ್ಲೂ ಕಂಬದ ಬುಡದ ದುಂಡನೆಯ ಪಟ್ಟಿಗೆ ಟೋರಸ್ ಅಂತಲೇ ಹೆಸರು. ನಮ್ಮ ದೇವಾಲಯಗಳ ಅಧಿಷ್ಠಾನದಲ್ಲಿ, ಅಂದರೆ ಗೋಡೆಯ ಕೆಳಗಿನ ಪೀಠಭಾಗದಲ್ಲಿ, ಅಂಥ ಪಟ್ಟಿಯನ್ನು ‘ಕುಮುದ’ ಅನ್ನುತ್ತಾರೆ. ಚೆಂದದ ಪದ, ಆದರೆ ಬಾಯಿಗೆ ತಂದರೆ ಯಾರಿಗೂ ಅರ್ಥವಾಗದು.

ಹಾಗಾಗಿ ನನ್ನ ಸೂಚನೆ: ಅಂಗುಳದ್ದಕ್ಕೆ ‘ಅಂಗುಳುಬ್ಬು’, ಕೆಳದವಡೆಯದ್ದಕ್ಕೆ ‘ದವಡೆಯುಬ್ಬು’, ಎರಡಕ್ಕೂ ಸೇರಿಸಿ ‘ಮೂಳೆಯುಬ್ಬು’. ಎಲುಬು ಅನ್ನುವವರಿಗೆ ‘ಎಲುಬುಬ್ಬು’ ಆಗುತ್ತದೆ, ಅದು ನಾಲಿಗೆಗೆ ತೊಡಕು. ಅವರು ‘ಎಲುಬಿನ ಉಬ್ಬು’ ಅಂತ ಬಿಡಿಸಿ ಹೇಳಬಹುದು. ಒಂದು ಅಡ್ಡಿ ಇದೆ. ಮಾತಿನಲ್ಲಿ ಹಕಾರ ಬಿಡುವ ಕಡೆಗಳಲ್ಲಿ ಕಣ್ಣಿನ ಮೇಲಿನ ಹುಬ್ಬೂ ‘ಉಬ್ಬು’ ಆಗುತ್ತದೆ. ‘ಅಂಗುಳ’ ಮುಂದಿದ್ದರೆ ಗೊಂದಲ ಆಗಲಾರದು ಅಂತ ನನ್ನ ಅನಿಸಿಕೆ. ‘ಮೂಳೆಯುಬ್ಬು’ ಒಂದೇ ಬಂದಾಗ ಹೇಗೋ, ಹಾಗೆ ಮಾತಾಡುವವರೇ ಹೇಳಬೇಕು.

ಆಕಾರಗಳಿಗೂ ಪದ ಬೇಕು, ಇಲ್ಲಿ ಕನ್ನಡ ಕೈಕೊಡುವುದಿಲ್ಲ. ಅಂಗುಳುಬ್ಬಿನಲ್ಲಿ ನಾಲ್ಕು ಬಗೆ ಹೇಳುತ್ತಾರೆ. ಅಗಲ ಬುಡದ ‘ಚಪ್ಪಟೆ’. ನಡುಗೆರೆಯ ಉದ್ದಕ್ಕೂ ಏಣಿನಂತೆ ಎದ್ದು ಎರಡೂ ತುದಿಯಲ್ಲಿ ಸಪೂರವಾಗುವ ‘ಕದಿರು’. ಒಂದೊಂದಕ್ಕೂ ತನ್ನದೇ ಬುಡ ಇರುವ ಸಣ್ಣ ಸಣ್ಣ ಉಬ್ಬುಗಳದ್ದು ಮೂರನೆಯದು. ಒಂದೇ ಬುಡದಿಂದ ಹಲವು ಭಾಗವಾಗಿ ಒಡೆದದ್ದು ನಾಲ್ಕನೆಯದು. ಕದಿರು ನೂಲುವವರ ಪದ, ನೂಲು ಸುತ್ತಿಕೊಳ್ಳುವ ಕಡ್ಡಿ; ಹೇಳಿಮಾಡಿಸಿದಂತಿದೆ. ಆದರೆ ನೂಲುವುದನ್ನೇ ನೋಡದವರು ಅದನ್ನು ತೆನೆ ಅಂತಲೋ ಬಿಸಿಲ ಕಿರಣ ಅಂತಲೋ ತಿಳಿದಾರು. ಮೂರನೆಯದಕ್ಕೆ ‘ಗುಂಪು’, ನಾಲ್ಕನೆಯದಕ್ಕೆ ‘ಗೊಂಚಲು’ ಅಂತ ಬರೆದಿಟ್ಟಿದ್ದೇನೆ. ಬುಡ ಒಂದೋ ಹಲವೋ ಅನ್ನುವ ವ್ಯತ್ಯಾಸ ಇವುಗಳಲ್ಲಿ ನಿಮ್ಮ ಕಿವಿಗೆ ಕೇಳಿಸುತ್ತದೆಯೇ?

ಇನ್ನು ಕ್ರಿಯಾಪದ. ಇದು ನನಗೆ ನಾಮಪದಕ್ಕಿಂತ ಮುಖ್ಯ ಅನ್ನಿಸಿದೆ. ಕನ್ನಡದಲ್ಲಿ ಕಾಯಿಲೆ ‘ಬರುತ್ತದೆ’, ಗಾಯ ‘ಆಗುತ್ತದೆ’, ಮಚ್ಚೆ ‘ಇರುತ್ತದೆ’. ಶುಗರ್ ಬಂದಿದೆ, ಹುಣ್ಣಾಗಿದೆ, ಮಚ್ಚೆ ಇದೆ. ಟೋರಸ್ ಮಚ್ಚೆಯ ಸಾಲಿಗೆ ಸೇರಬೇಕು. ‘ನನಗೆ ಅಂಗುಳುಬ್ಬು ಇದೆ’ ಅಂತ ಬರೆದ ಕೂಡಲೇ ಅರ್ಧ ಭಯ ಇಳಿಯುತ್ತದೆ. ಇದನ್ನು ಇಟ್ಟುಕೊಂಡೇ ಜನ ಇಡೀ ಆಯಸ್ಸು ಕಳೆಯುತ್ತಾರೆ. ಎಷ್ಟೋ ಜನಕ್ಕೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ದಿನದಿನದ ಸಂಗತಿಗಳಿಗೆ ಬಂದರೆ, ಹೆಚ್ಚು ಕಾಡುವುದು ತರಚು. ಉಬ್ಬಿನ ಮೇಲಿನ ಪೊರೆ ತೆಳು. ಗರಿಗರಿಯಾದದ್ದೇನಾದರೂ ತಿನ್ನುವಾಗ ಅದರ ಚೂಪು ಅಂಚು ನೇರ ಅಲ್ಲಿಗೇ ತಾಗುತ್ತದೆ. ಬ್ರಷ್ ಜಾರಿದರೂ ಅಷ್ಟೇ. ಬಿಳಿಚಿದ ಸಣ್ಣ ಗಾಯವಾಗಿ, ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತಿರುತ್ತದೆ. ಆ ಪೊರೆಗೆ ರಕ್ತದ ಹರಿವು ಕಡಿಮೆ, ಮಾಯುವುದು ನಿಧಾನ. ಇದನ್ನು ‘ಉಬ್ಬಿನ ಮೇಲೆ ಹುಣ್ಣು’ ಅಂತ ಬರೆದರೆ ಉಬ್ಬೇ ಕೊಳೆಯುತ್ತಿದೆ ಅಂದುಕೊಳ್ಳುತ್ತಾರೆ. ‘ತರಚುಗಾಯ’ ಸರಿಯಾದ ಪದ. 2 ವಾರ ಕಳೆದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಉಬ್ಬು ಮೆತ್ತಗಿದ್ದರೆ, ಬೇಗ ಬೇಗ ದೊಡ್ಡದಾದರೆ, ರಕ್ತ ಬಂದರೆ, ಜೋಮು ಹಿಡಿದರೆ ಅದು ಟೋರಸ್ ಅಂತ ಸುಮ್ನೆ ಕೂರುವಂತಿಲ್ಲ. ಈ ಸಾಲುಗಳನ್ನು ನಾನು ಮೆತ್ತಗೆ ಬರೆಯುವುದಿಲ್ಲ. ಮೂಳೆ ಸವೆತಕ್ಕೆ ಬಿಸ್ಫಾಸ್ಫೋನೇಟ್ ಔಷಧಿ ತೆಗೆದುಕೊಳ್ಳುವವರಲ್ಲಿ ಇಂಥ ಗಾಯದ ಜಾಗದಲ್ಲಿ ಮೂಳೆ ಹೊರಗೆ ಕಾಣಿಸಿಕೊಳ್ಳುವ ಅಪಾಯವಿದೆ. ಅವರು ದಂತವೈದ್ಯರಿಗೆ ಆ ಔಷಧಿಯ ವಿಷಯ ಮೊದಲೇ ಹೇಳಬೇಕು.

ಎಕ್ಸ್‌ರೇ ತೆಗೆಯಲು ಕೆಳದವಡೆಯ ಒಳಗೆ ಇಡುವ ಬಿಲ್ಲೆ ಉಬ್ಬಿಗೆ ಒತ್ತಿ ನೋಯುತ್ತದೆ. ಹಲ್ಲಿನ ಅಚ್ಚು ತೆಗೆಯುವಾಗಲೂ ಹಾಗೇ. ‘ಇಲ್ಲಿ ಮೂಳೆಯುಬ್ಬು ಇದೆ, ಸ್ವಲ್ಪ ಹುಷಾರಾಗಿ’ ಅಂತ ಮೊದಲೇ ಹೇಳಿದರೆ ಅವರು ಜಾಗ ಬಿಟ್ಟು ಇಡುತ್ತಾರೆ. ಪದ ಬೇಕಿರುವುದೇ ಇಂಥ ಹೊತ್ತಿನಲ್ಲಿ.

ತೆಗೆಸಬೇಕಾಗುವುದು ಅಪರೂಪ. ಹಲ್ಲುಸೆಟ್ಟು ಕೂರದಿದ್ದಾಗ, ಪದೇಪದೇ ತರಚಿದಾಗ, ಇಲ್ಲವೇ ನಾಲಿಗೆಗೆ ಜಾಗ ಸಾಲದಷ್ಟು ದೊಡ್ಡದಾದಾಗ ತೆಗೆಸುತ್ತಾರೆ. ಆಗ ಪೊರೆಯನ್ನು ಬಿಡಿಸಿ, ಮೂಳೆಯನ್ನು ತೆಗೆದು ನಯ ಮಾಡಿ, ಮತ್ತೆ ಹೊಲಿಯುತ್ತಾರೆ. ತೆಗೆದ ಮೂಳೆಯನ್ನು ಬಾಯಲ್ಲೇ ಬೇರೆ ಕಡೆ ಕಸಿಗೆ ಬಳಸುವುದೂ ಉಂಟು. ಇದಕ್ಕೆ ‘ಕತ್ತರಿಸುವುದು’ ಅಂದರೆ ಮಾಂಸ ಕೊಯ್ದಂತೆ ಕೇಳುತ್ತದೆ. ‘ಕೆತ್ತುವುದು’ ಒರಟು. ‘ಹೆರೆಯುವುದು’ ನನಗೆ ಹತ್ತಿರ ಅನ್ನಿಸಿದೆ, ಆದರೆ ಬಾಯೊಳಗಿನ ಕೆಲಸಕ್ಕೆ ಆ ಪದ ಕೇಳಿದವರು ಇದ್ದೀರಾ?

ಕೊನೆಯದಾಗಿ ‘ಅಪಾಯವಿಲ್ಲದ’. ‘ನಿರುಪದ್ರವಿ’ ಅಂದರೆ ಯಾವುದೋ ಪ್ರಾಣಿಯ ಬಗ್ಗೆ ಹೇಳಿದಂತಿದೆ. ‘ನಿರಪಾಯಕಾರಿ’ ಪುಸ್ತಕದ ಮಾತು. ಸದ್ಯ ‘ತೊಂದರೆ ಕೊಡದ ಉಬ್ಬು’ ಅಂತ ಬರೆದಿದ್ದೇನೆ. ಆದರೆ ಕೆಲವೊಮ್ಮೆ ತರಚಿ ತೊಂದರೆ ಕೊಡುತ್ತದಲ್ಲ, ಅಲ್ಲಿಗೆ ಮಾತು ಸುಳ್ಳಾಗುತ್ತದೆ. ತೊಂದರೆ ಇರಬಹುದು, ಅಪಾಯ ಇಲ್ಲ ಅನ್ನುವುದನ್ನು ಒಂದೇ ಪದದಲ್ಲಿ ಹೇಳುವುದು ನಿಮ್ಮ ಮನೆಮಾತಿನಲ್ಲಿ ಇದ್ದರೆ ಬರೆಯಿರಿ. ಬಾಯೊಳಗಿನ ಇಂಥ ಉಬ್ಬಿಗೆ ಹಿರಿಯರು ಬಳಸುತ್ತಿದ್ದ ಹೆಸರೇನಾದರೂ ನೆನಪಿದ್ದರೆ, ಯಾವ ಕಡೆಯ ಮಾತು ಅನ್ನುವುದನ್ನೂ ಸೇರಿಸಿ ತಿಳಿಸಿ.