ದಾಣಿ ಜಾಸ್ತಿ ಮಾಡಿದರೂ ಕುರಿಮರಿಗಳು ಬೆಳೆಯುತ್ತಿಲ್ಲ, ಏನು ಮಾಡಲಿ?

ಟಗರುಮರಿ:

ಎಲ್ಲರಿಗೂ ನಮಸ್ಕಾರ. ನಮ್ಮ ಹಿಂಡಿನ ಮರಿಗಳಿಗೆ ಈಗ ಎರಡೂವರೆ ತಿಂಗಳು. ಮೊದಲ ಒಂದೂವರೆ ತಿಂಗಳು ಕಣ್ಣಿಗೆ ಕಾಣುವ ಹಾಗೆ ಬೆಳೆದವು, ಆಮೇಲೆ ನಿಂತೇ ಹೋಯಿತು. ಹೊಟ್ಟೆ ಮಾತ್ರ ದೊಡ್ಡದಾಗಿ ಕಾಣುತ್ತದೆ, ಬೆನ್ನ ಮೇಲೆ ಕೈ ಇಟ್ಟರೆ ಮೂಳೆ ಸಿಗುತ್ತದೆ. ಮಳೆ ಶುರುವಾದಾಗಿನಿಂದ ಒಂದೇ ಬಯಲಲ್ಲಿ ಮೇಯುತ್ತಿವೆ. ಬೆಳಗ್ಗೆ ಬಿಟ್ಟರೆ ಸಂಜೆಯೇ ಹೊಡೆದುಕೊಂಡು ಬರುವುದು. ಸಂಜೆ ತಾಯಿಗೂ ಮರಿಗೂ ಒಂದೇ ಗೋದಲಿಯಲ್ಲಿ ದಾಣಿ ಹಾಕುತ್ತೇವೆ, ಮೆಕ್ಕೆಜೋಳದ ನುಚ್ಚು ಮತ್ತು ಗೋಧಿ ಬೂಸಾ. ಬೆಳವಣಿಗೆ ನಿಂತಿದೆ ಅಂತ ಹೋದ ವಾರದಿಂದ ಅದನ್ನು ಜಾಸ್ತಿ ಮಾಡಿದ್ದೇವೆ. ಈಗ ಕೆಲವು ಮರಿಗಳ ಹಿಕ್ಕೆ ತೆಳ್ಳಗಾಗಿದೆ. ಜಂತುಹುಳದ ಔಷಧ ಒಂದು ತಿಂಗಳ ಹಿಂದೆ ಎಲ್ಲಕ್ಕೂ ಕುಡಿಸಿದ್ದೇವೆ, ಹಾಗಾಗಿ ಅದು ಕಾರಣ ಇರಲಿಕ್ಕಿಲ್ಲ ಅನ್ನಿಸುತ್ತದೆ. ದಾಣಿ ಇನ್ನೂ ಹೆಚ್ಚಿಸಲಾ? ಅಥವಾ ಟಾನಿಕ್ ಏನಾದರೂ ಕೊಡಬೇಕಾ?

ಹಸಿರುಬಯಲು:

ದಾಣಿ ಹೆಚ್ಚಿಸಬೇಡಿ. ಮೊದಲು ನಾಳೆ ಬಯಲಿಗೆ ಹೋದಾಗ ಬಗ್ಗಿ ಹುಲ್ಲು ನೋಡಿ. ನಾಲ್ಕು ಬೆರಳು ಜೋಡಿಸಿ ನೆಲದ ಮೇಲೆ ಅಡ್ಡ ಇಡಿ, ಹುಲ್ಲಿನ ತುದಿ ಬೆರಳಿಗಿಂತ ಮೇಲಿದೆಯಾ ಕೆಳಗಿದೆಯಾ ನೋಡಿ. ಒಂದೇ ಕಡೆ ಇಷ್ಟು ದಿನ ಮೇಯಿಸಿದ್ದೀರಿ ಅಂದ ಮೇಲೆ ಬಹುತೇಕ ಕಡೆ ಕೆಳಗೇ ಇರುತ್ತದೆ. ದೂರದಿಂದ ಬಯಲು ಹಸಿರಾಗಿಯೇ ಕಾಣುತ್ತದೆ, ಆದರೆ ಮರಿಯ ಬಾಯಿಗೆ ಸಿಗುವುದು ಚೂರೇ ಚೂರು.

ಕುರಿ ಎಲ್ಲವನ್ನೂ ಸಮನಾಗಿ ಮೇಯುವುದಿಲ್ಲ. ನಿನ್ನೆ ಕಚ್ಚಿದ ಜಾಗದಲ್ಲಿ ಇವತ್ತು ಎಳೆ ಚಿಗುರು ಬಂದಿದ್ದರೆ ಮತ್ತೆ ಅದಕ್ಕೇ ಬಾಯಿ ಹಾಕುತ್ತದೆ. ಎತ್ತರಕ್ಕೆ ಬೆಳೆದು ಬಲಿತದ್ದನ್ನು ಬಿಟ್ಟುಬಿಡುತ್ತದೆ. ಎಲೆಯೇ ಇಲ್ಲದ ಹುಲ್ಲು ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಚಿಗುರಬೇಕು, ಪದೇ ಪದೇ ಹೀಗಾದರೆ ಬೇರೂ ಸೋಲುತ್ತದೆ. ಕೊನೆಗೆ ಒಳ್ಳೆಯ ಹುಲ್ಲು ಹೋಗಿ ಕುರಿ ಮುಟ್ಟದ ಕಳೆ ಉಳಿಯುತ್ತದೆ.

ಬಯಲನ್ನು ತುಂಡು ಮಾಡಿ. ಬೇಲಿಯೇ ಬೇಕು ಅಂತಿಲ್ಲ, ಬಲೆ ಕಟ್ಟಿದರೂ ಸಾಕು. ಹುಲ್ಲು ಒಂದು ಗೇಣಿನ ಹತ್ತಿರ ಬಂದಾಗ ಒಳಗೆ ಬಿಡಿ, ನಾಲ್ಕು ಬೆರಳಿಗೆ ಇಳಿಯುವ ಮೊದಲೇ ಹೊರಗೆ ತನ್ನಿ. ಒಂದು ತುಂಡಿನಲ್ಲಿ 4 ದಿನಕ್ಕಿಂತ ಜಾಸ್ತಿ ಇರಬಾರದು. ಆಮೇಲೆ ಆ ತುಂಡಿಗೆ ವಿಶ್ರಾಂತಿ ಕೊಡಿ, ಹುಲ್ಲು ಮತ್ತೆ ಬೆಳೆಯಲು ಸುಮಾರು ಒಂದು ತಿಂಗಳಾದರೂ ಬೇಕು. ಇನ್ನೊಂದು ಮಾತು, ತುಂಡುಗಳ ನಡುವೆ ಮರಿ ಮಾತ್ರ ನುಸುಳುವಷ್ಟು ಸಂದು ಬಿಡಿ. ಮರಿಗಳು ಮುಂದಿನ ತುಂಡಿಗೆ ಹೋಗಿ ಮೊದಲು ತುದಿ ಮೇಯುತ್ತವೆ, ಹೊಟ್ಟೆ ತುಂಬಿದ ಮೇಲೆ ತಾಯಿ ಹತ್ತಿರ ವಾಪಸ್ ಬರುತ್ತವೆ. ತಾಯಂದಿರು ಉಳಿದದ್ದನ್ನು ಮೇಯಲಿ. ಇದಕ್ಕಿಂತ ಕಡಿಮೆ ಖರ್ಚಿನ ಪೂರಕ ಆಹಾರ ನನಗಂತೂ ಗೊತ್ತಿಲ್ಲ.

ಕುರಿ_ಡಾಕ್ಟರ್:

ಮೇಲಿನವರು ಹೇಳಿದ್ದು ಸರಿ. ಹುಲ್ಲಿನ ಎತ್ತರಕ್ಕೂ ಜಂತುಹುಳಕ್ಕೂ ನೇರ ಸಂಬಂಧ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಿಕ್ಕೆಯಲ್ಲಿ ಬಿದ್ದ ಹುಳದ ಮೊಟ್ಟೆ ಒಡೆದು, ಬೆಚ್ಚಗಿನ ತೇವದ ಹವೆಯಲ್ಲಿ ಒಂದು ವಾರದೊಳಗೆ ಸೋಂಕು ತರುವ ಮರಿಹುಳವಾಗುತ್ತದೆ. ಅದು ಇಬ್ಬನಿಯ ಪಸೆಯಲ್ಲಿ ಹುಲ್ಲು ಹತ್ತುತ್ತದೆ, ಆದರೆ ತುಂಬಾ ಮೇಲಕ್ಕಲ್ಲ. ಹೆಚ್ಚಿನವು ನೆಲದಿಂದ 5 ಸೆಂ.ಮೀ. ಒಳಗೇ ಇರುತ್ತವೆ. ನಿಮ್ಮ ಮರಿಗಳು ಈಗ ಮೇಯುತ್ತಿರುವುದು ಸರಿಯಾಗಿ ಆ 5 ಸೆಂ.ಮೀ. ಒಳಗಡೆ. ಒಂದು ತುಂಡಿನಲ್ಲಿ 4 ದಿನ ಅಂತ ಹೇಳುವುದೂ ಇದಕ್ಕೇ, ಹಾಕಿದ ಹಿಕ್ಕೆಯಿಂದ ಹುಳ ತಯಾರಾಗುವ ಮೊದಲೇ ಕುರಿ ಅಲ್ಲಿಂದ ಹೊರಟಿರಬೇಕು. ಒಂದು ತಿಂಗಳ ವಿಶ್ರಾಂತಿ ಹುಲ್ಲಿಗೆ ಸಾಕು, ಹುಳ ಸಾಯಲು ಸಾಲದು. ಈ ಮರಿಹುಳ ಏನೂ ತಿನ್ನುವುದಿಲ್ಲ, ಮೈಯಲ್ಲಿರುವ ಕಸುವು ಇರುವಷ್ಟು ದಿನ ಬದುಕುತ್ತದೆ. ಬಿಸಿಲು ಜೋರಾಗಿದ್ದು ನೆಲ ಒಣಗಿದ್ದರೆ ಬೇಗ ಸಾಯುತ್ತದೆ, ತಂಪಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನಡುವೆ ದನ ಮೇಯಿಸಿದರೆ ಒಳ್ಳೆಯದು. ಕುರಿಯ ಹುಳಗಳಲ್ಲಿ ಬಹುಪಾಲು ದೊಡ್ಡ ದನದ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಮೇಕೆ ಬಿಟ್ಟರೆ ಪ್ರಯೋಜನ ಇಲ್ಲ, ಎರಡಕ್ಕೂ ಬರುವುದು ಅದೇ ಹುಳ.

ಈಗ ಮರಿ ಹಿಡಿದು ಪರೀಕ್ಷೆ ಮಾಡಿ. ಹೆಬ್ಬೆರಳಿಂದ ಮೇಲಿನ ರೆಪ್ಪೆ ಮುಚ್ಚಿ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿಂದ ಕೆಳಗಿನ ರೆಪ್ಪೆ ಕೆಳಗೆ ಎಳೆಯಿರಿ, ಒಳಪದರ ಹೊರಗೆ ಬರುತ್ತದೆ. ನೆರಳಲ್ಲಿ ಬೇಡ, ಬಯಲು ಬೆಳಕಿನಲ್ಲಿ ನೋಡಿ. ಕೆಂಪಾಗಿದ್ದರೆ ಸರಿ. ನಸುಗೆಂಪು ಹೋಗಿ ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆಂದೇ ಫಮಾಚಾ ಅನ್ನುವ ಬಣ್ಣದ ಪಟ್ಟಿ ಮಾಡಿದ್ದಾರೆ, 1ರಿಂದ 5ರವರೆಗೆ, 1 ಅಂದರೆ ಕೆಂಪು, 5 ಅಂದರೆ ಪೂರ್ತಿ ಬಿಳಿಚಿದ್ದು. ಮರಿಗಳಲ್ಲಿ 3 ಬಂದರೇ ಔಷಧ ಕೊಡುವುದು ಕ್ಷೇಮ. ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊದಿದೆಯಾ ಅದನ್ನೂ ನೋಡಿ.

ಹಿಮೋಂಕಸ್ ಅನ್ನುವ ರಕ್ತ ಹೀರುವ ಹುಳ ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ. ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿ.ಲೀ. 15 ಕೆ.ಜಿ. ಮರಿಯ ಮೈಯಲ್ಲಿ ಇರುವ ರಕ್ತವೇ ಒಂದು ಲೀಟರ್ ಆಸುಪಾಸು. ನೀವು ಹಾಕುವ ದಾಣಿ ಮಾಂಸವಾಗುವುದು ಹೇಗೆ, ಅದೆಲ್ಲ ಹೋದ ರಕ್ತ ತುಂಬಿಸಲು ಖರ್ಚಾಗುತ್ತದೆ. ಈ ಹುಳದಲ್ಲಿ ಸಾಮಾನ್ಯವಾಗಿ ಭೇದಿಯೂ ಇರುವುದಿಲ್ಲ, ಅದಕ್ಕೇ ಎಷ್ಟೋ ಜನ ಹಿಕ್ಕೆ ಚೆನ್ನಾಗಿದೆ ಅಂತ ಸುಮ್ನಿರುತ್ತಾರೆ. ಒಂದು ತಿಂಗಳ ಹಿಂದೆ ಔಷಧ ಕುಡಿಸಿದ್ದೀರಿ, ಆದರೆ ಹುಳ ಹೊಟ್ಟೆಗೆ ಹೋಗಿ ಮೊಟ್ಟೆ ಇಡಲು ಮೂರು ವಾರ ಸಾಕು. ಅದೇ ಬಯಲಿಗೆ ಮತ್ತೆ ಬಿಟ್ಟಿದ್ದೀರಿ.

ನಿಮ್ಮ ಮರಿಗಳ ತೆಳು ಹಿಕ್ಕೆಗೆ ಬೇರೆ ಹುಳ ಕಾರಣ ಇರಬಹುದು, ಕಾಕ್ಸಿಡಿಯಾ ಅನ್ನುವ ಕಣ್ಣಿಗೆ ಕಾಣದ ಕರುಳಿನ ಪರಾವಲಂಬಿ ಇರಬಹುದು, ದಾಣಿಯೂ ಇರಬಹುದು. ಹಿಕ್ಕೆಯನ್ನು ನೆಲದಿಂದ ಎತ್ತದೆ ಮರಿಯಿಂದಲೇ ತಾಜಾ ತೆಗೆದು ಪರೀಕ್ಷೆಗೆ ಕೊಡಿ.

ಗೋದಲಿ:

ನಾನು ದಾಣಿಯ ಕಡೆಯಿಂದ ಹೇಳುತ್ತೇನೆ. ಒಂದೂವರೆ ತಿಂಗಳವರೆಗೆ ಚೆನ್ನಾಗಿ ಬೆಳೆದು ಆಮೇಲೆ ನಿಂತಿತು ಅಂದಿರಲ್ಲ, ಅದರಲ್ಲೂ ಒಂದು ವಿಷಯ ಇದೆ. ತಾಯಿ ಕುರಿಯ ಹಾಲು ಮರಿ ಹಾಕಿದ 3–4ನೇ ವಾರಕ್ಕೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಅಷ್ಟರಲ್ಲಿ ಮರಿಯ ಮೊದಲ ಹೊಟ್ಟೆ ಮೇವು ಅರಗಿಸಲು ತಯಾರಾಗಿರಬೇಕು. ಹುಟ್ಟಿದಾಗ ಅದು ಕೆಲಸಕ್ಕೆ ಬಾರದ ಸಣ್ಣ ಚೀಲ. ಹಾಲು ಅದರೊಳಗೆ ಹೋಗುವುದೂ ಇಲ್ಲ, ಪಕ್ಕದಿಂದ ನೇರವಾಗಿ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ. ಕಾಳು ಒಳಗೆ ಹೋಗಿ ಹುಳಿದಾಗ ಹುಟ್ಟುವ ಆಮ್ಲಗಳಿಂದಲೇ ಆ ಚೀಲದ ಒಳಗೋಡೆ ಬೆಳೆಯುವುದು. ಅದಕ್ಕೇ 10–14 ದಿನದ ಮರಿಗೇ ದಾಣಿ ಮೂಸಲು ಇಡಬೇಕು. ಆಗ ತಿನ್ನುವುದು ಒಂದು ಚಿಟಿಕೆ, ಪರವಾಗಿಲ್ಲ, ಹೊಟ್ಟೆಗೆ ಅಭ್ಯಾಸ ಆದರೆ ಸಾಕು.

ಒಂದೇ ಗೋದಲಿಯಲ್ಲಿ ಹಾಕಿದರೆ ಮರಿಗೆ ಸಿಗುವುದಿಲ್ಲ. ತಾಯಂದಿರು ಅಡ್ಡ ನಿಂತು ತಳ್ಳಿ ತಿಂದುಬಿಡುತ್ತವೆ. ಮೂಲೆಯಲ್ಲಿ ಒಂದು ಗೂಡು ಕಟ್ಟಿ, ಮರಿ ಮಾತ್ರ ಹೋಗುವ ಹಾಗೆ ಕಂಬಿಗಳ ನಡುವೆ ಸುಮಾರು 20 ಸೆಂ.ಮೀ. ಸಂದು ಬಿಡಿ. ಒಣಗಿದ ಜಾಗ, ನೆರಳು, ಹತ್ತಿರದಲ್ಲೇ ನೀರು. ಗೋದಲಿ ಮರಿಗಳು ಹತ್ತಿ ನಿಲ್ಲದಷ್ಟು ಎತ್ತರದಲ್ಲಿ ಇರಲಿ. ಹತ್ತಿದರೆ ಅದರೊಳಗೇ ಹಿಕ್ಕೆ ಹಾಕುತ್ತವೆ, ಕಾಕ್ಸಿಡಿಯಾ ಹರಡುವುದು ಹಾಗೇ.

ನಿಮ್ಮ ಮಿಶ್ರಣದಲ್ಲಿ ಹಿಂಡಿ ಕಾಣುತ್ತಿಲ್ಲ. ಬೆಳೆಯುವ ಮರಿಯ ದಾಣಿಯಲ್ಲಿ ಪ್ರೊಟೀನ್ ಶೇ. 18ರಷ್ಟು ಇರಬೇಕು. ಮೆಕ್ಕೆಜೋಳದಲ್ಲಿ ಇರುವುದು ಅದರ ಅರ್ಧ, ಬೂಸಾದಲ್ಲೂ ಅಷ್ಟಿಲ್ಲ. ಸೋಯಾ ಹಿಂಡಿಯೋ ಕಡಲೆಕಾಯಿ ಹಿಂಡಿಯೋ ಸೇರಿಸಿ, ಬೂಷ್ಟು ಹಿಡಿದದ್ದು ಮಾತ್ರ ಬೇಡವೇ ಬೇಡ. ಯೂರಿಯಾ ಬೆರೆಸಿದ ಆಹಾರ ಮರಿಗೆ ಕೊಡಬೇಡಿ. ಪ್ರೊಟೀನ್ ಚೆನ್ನಾಗಿ ಸಿಕ್ಕ ಮರಿ ಹುಳದ ಕಾಟವನ್ನೂ ಜಾಸ್ತಿ ತಡೆದುಕೊಳ್ಳುತ್ತದೆ.

ಬೂಸಾ ಮತ್ತು ಮೆಕ್ಕೆಜೋಳ ಮಾತ್ರ ತಿಂದ ಗಂಡುಮರಿಗೆ ಮೂತ್ರಕಲ್ಲು ಆಗುವ ಅಪಾಯವೂ ಇದೆ. ಎರಡರಲ್ಲೂ ರಂಜಕ ಜಾಸ್ತಿ, ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣದ ಅಂಶ ರಂಜಕದ ಎರಡರಷ್ಟು ಇರಬೇಕು. ಸುಣ್ಣಕಲ್ಲಿನ ಪುಡಿ ಶೇ. 1ರಷ್ಟು, ಸ್ವಲ್ಪ ಉಪ್ಪು, ಸದಾ ಶುದ್ಧ ನೀರು. ಖನಿಜ ಮಿಶ್ರಣ ಕುರಿಗೆಂದೇ ಮಾಡಿದ್ದನ್ನೇ ತನ್ನಿ. ದನದ್ದು, ಹಂದಿಯದ್ದು ಹಾಕಬೇಡಿ, ತಾಮ್ರ ಜಾಸ್ತಿ ಇರುತ್ತದೆ. ಅದು ಕುರಿಯ ಪಿತ್ತಜನಕಾಂಗದಲ್ಲಿ ಕೂಡುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಕಾಮಾಲೆ, ಕಡುಕೆಂಪು ಮೂತ್ರ, ಸಾವು.

ಕೊಟ್ಟಿಗೆಕುರಿ:

ಇಷ್ಟೆಲ್ಲ ತಾಪತ್ರಯ ಯಾಕೆ? ಮರಿಗಳನ್ನು ಬಯಲಿಗೇ ಬಿಡದೆ ಕೊಟ್ಟಿಗೆಯಲ್ಲಿ ಕಟ್ಟಿ ಹೊಟ್ಟೆ ತುಂಬಾ ದಾಣಿ ಹಾಕಿ. ಹುಳದ ಗೊಡವೆಯೇ ಇಲ್ಲ, ತೂಕವೂ ಬೇಗ ಬರುತ್ತದೆ.

ಗೋದಲಿ:

ಬೇಗ ಬರುತ್ತದೆ, ನಿಜ. ಆದರೆ ಬಯಲಲ್ಲಿ ಬೆಳೆದ ಮರಿಯನ್ನು ತಂದು ಒಂದೇ ಸಲ ಹೊಟ್ಟೆ ತುಂಬಾ ಕಾಳು ಹಾಕಿದರೆ ಹೊಟ್ಟೆ ಹುಳಿಯಾಗಿ ಮಲಗಿಬಿಡುತ್ತದೆ. ಎರಡು ವಾರ ಹಿಡಿದು, 2–3 ದಿನಕ್ಕೊಮ್ಮೆ 50 ಗ್ರಾಂ ಅಷ್ಟೇ ಏರಿಸಬೇಕು, ಜೊತೆಗೆ ಒಣ ಮೇವು ಇರಲೇಬೇಕು. ಕರುಳು ಬೇನೆ, ಅಂದರೆ ಕರುಳಿನಲ್ಲಿ ರೋಗಾಣು ಹೆಚ್ಚಿ ವಿಷವಾಗುವ ರೋಗ, ಬರುವುದೂ ಇಂಥ ಹೊತ್ತಿನಲ್ಲೇ. ರಾತ್ರಿ ಚೆನ್ನಾಗಿದ್ದ ಮರಿ ಬೆಳಗ್ಗೆ ಸತ್ತಿರುತ್ತದೆ, ಅದೂ ಹಿಂಡಿನಲ್ಲಿ ಎಲ್ಲಕ್ಕಿಂತ ಪುಷ್ಟಿಯಾದದ್ದೇ. ಟಗರುಮರಿ ಅವರೇ, ಲಸಿಕೆ ಹಾಕಿಸಿದ್ದೀರಾ?

ಇನ್ನೊಂದು, ಒಳ್ಳೆಯ ಎಳೆ ಹುಲ್ಲು ಇದ್ದಾಗ ಜಾಸ್ತಿ ಕಾಳು ಹಾಕಿದರೆ ಮರಿ ಆ ಹುಲ್ಲನ್ನೇ ಕಡಿಮೆ ಮೇಯುತ್ತದೆ, ನಿಮ್ಮ ಖರ್ಚು ಅಷ್ಟೂ ಲಾಭ ಅಲ್ಲ. ಹುಲ್ಲು ಬಲಿತು ಒಣಗಿದಾಗ ಸ್ವಲ್ಪ ಹಿಂಡಿ ಹಾಕಿ ನೋಡಿ, ಆಗ ಅದೇ ಒಣಹುಲ್ಲನ್ನು ಇನ್ನೂ ಜಾಸ್ತಿ ತಿಂದು ಅರಗಿಸಿಕೊಳ್ಳುತ್ತದೆ. ಹುಲ್ಲಿನಲ್ಲಿ ಏನು ಕೊರತೆಯಿದೆಯೋ ಅದನ್ನು ಕೊಡುವುದು ಪೂರಕ ಆಹಾರ ಅಲ್ವಾ.

ಟಗರುಮರಿ:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಎಲ್ಲಾ ಮರಿಗಳ ಕಣ್ಣು ನೋಡಿದೆವು. ಅರ್ಧಕ್ಕಿಂತ ಜಾಸ್ತಿ ಬಿಳಿಚಿಕೊಂಡಿವೆ, ಎರಡಕ್ಕೆ ಗದ್ದದ ಕೆಳಗೆ ಊತ ಇದೆ. ಹುಲ್ಲು ನಾಲ್ಕು ಬೆರಳಿರಲಿ, ಎರಡು ಬೆರಳೂ ಇಲ್ಲ. ಲಸಿಕೆ ತಾಯಿ ಕುರಿಗಳಿಗೆ ಮಾತ್ರ ಆಗಿದೆ. ಪಕ್ಕದಲ್ಲಿ ಈ ವರ್ಷ ಕುರಿ ಮೇಯದ ಜಾಗ ಒಂದಿದೆ. ಎಲ್ಲಾ ಕುರಿ, ಮರಿಗೂ ಔಷಧ ಕುಡಿಸಿ ನಾಳೆಯೇ ಅಲ್ಲಿಗೆ ಹೊಡೆಯಬಹುದಾ?

ಕುರಿ_ಡಾಕ್ಟರ್:

ಜಾಗ ಬದಲಾಯಿಸಿ, ಆದರೆ ಎಲ್ಲಕ್ಕೂ ಔಷಧ ಬೇಡ. ಎಲ್ಲಕ್ಕೂ ಕುಡಿಸಿ ಹೊಸ ಜಾಗಕ್ಕೆ ಬಿಟ್ಟರೆ ಔಷಧಕ್ಕೂ ಸಾಯದ ಹುಳಗಳು ಮಾತ್ರ ಅಲ್ಲಿ ಮೊಟ್ಟೆ ಹಾಕುತ್ತವೆ, ಮುಂದಿನ ವರ್ಷ ಆ ಔಷಧ ನಿಮಗೆ ಕೆಲಸಕ್ಕೇ ಬರುವುದಿಲ್ಲ. ಕಣ್ಣು ಬಿಳಿಚಿರುವ ಮರಿಗಳಿಗೆ ಕೊಡಿ, ಮೈ ಇಳಿದ ತಾಯಂದಿರಿಗೆ ಕೊಡಿ. ಕಣ್ಣು ಕೆಂಪಗಿದ್ದು ಮೈ ತುಂಬಿಕೊಂಡಿರುವ ದೊಡ್ಡ ಕುರಿಗಳನ್ನು ಬಿಟ್ಟುಬಿಡಿ. ಊತ ಇರುವ ಎರಡು ಮರಿಗಳನ್ನು ದೂರ ನಡೆಸಬೇಡಿ, ಕೊಟ್ಟಿಗೆಯಲ್ಲೇ ಒಳ್ಳೆಯ ಮೇವು, ಹಿಂಡಿ ಕೊಟ್ಟು ಇಟ್ಟುಕೊಳ್ಳಿ. ವೈದ್ಯರು ಇವತ್ತೇ ಅವನ್ನು ನೋಡಲಿ.

ಅಂದಾಜಿನಲ್ಲಿ ಕುಡಿಸಬೇಡಿ. ತೂಕ ಮಾಡಿ, ಒಂದೊಂದು ಮರಿಗೂ ಅದರ ತೂಕಕ್ಕೆ ತಕ್ಕಷ್ಟು ಕೊಡಿ. ಕಡಿಮೆ ಕುಡಿಸುವುದರಿಂದಲೇ ಹುಳ ಔಷಧಕ್ಕೆ ಒಗ್ಗಿಕೊಳ್ಳುವುದು. ಸಿರಿಂಜ್ ನಾಲಿಗೆಯ ಹಿಂಭಾಗಕ್ಕೆ ಇಟ್ಟು ಮೆಲ್ಲಗೆ ಬಿಡಿ, ತಲೆ ತೀರಾ ಮೇಲೆತ್ತಿದರೆ ಶ್ವಾಸಕ್ಕೆ ಹೋಗುತ್ತದೆ. ಹೋದ ಸಲ ಯಾವ ಔಷಧ ಕೊಟ್ಟಿರಿ ಅನ್ನುವುದನ್ನು ವೈದ್ಯರಿಗೆ ಹೇಳಿ, ಈ ಸಲ ಬೇರೆ ಗುಂಪಿನದ್ದು ಬೇಕಾಗಬಹುದು.

ಮರಿಗಳಿಗೆ ಕರುಳು ಬೇನೆಯ ಲಸಿಕೆ ಈಗಲೇ ಶುರು ಮಾಡಿ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಈ ವಯಸ್ಸಿಗೆ ಕರಗಿರುತ್ತದೆ. 3–4 ವಾರ ಬಿಟ್ಟು ಎರಡನೇ ಡೋಸ್ ಬೇಕು, ಒಂದೇ ಡೋಸ್ ಸಾಲದು. ದಾಣಿಯನ್ನು ಹೋದ ವಾರಕ್ಕೆ ಮೊದಲಿನ ಪ್ರಮಾಣಕ್ಕೆ ಇಳಿಸಿ, ಹಿಂಡಿ ಸೇರಿಸಿ, ಹಿಕ್ಕೆ ಗಟ್ಟಿಯಾದ ಮೇಲೆ ನಿಧಾನಕ್ಕೆ ಏರಿಸಿ.

ಔಷಧ ಕುಡಿಸುವ ದಿನ ಕೆಲವು ಮರಿಗಳ ಹಿಕ್ಕೆ ಪರೀಕ್ಷೆ ಮಾಡಿಸಿ, ಅದೇ ಮರಿಗಳದ್ದು 10–14 ದಿನ ಬಿಟ್ಟು ಮತ್ತೆ ಮಾಡಿಸಿ. ಮೊಟ್ಟೆಯ ಲೆಕ್ಕ ಶೇ. 95ರಷ್ಟಾದರೂ ಇಳಿದಿರಬೇಕು. ಇಳಿದಿಲ್ಲ ಅಂದರೆ ಎರಡೂ ವರದಿ ಇಲ್ಲಿ ಹಾಕಿ, ಆಗ ಯಾವ ಗುಂಪಿನ ಔಷಧ ಅಂತ ನೋಡೋಣ.