ಸಹಾಯ ಬೇಕು: ಮೇಲ್ಮನವಿ ಆದೇಶ ಆದರೂ ಆರ್‌ಟಿಐ ಮಾಹಿತಿ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮೂರ ಚರಂಡಿ ಕಾಮಗಾರಿಗೆ ಬಿಲ್ ಪಾಸಾಗಿದೆ, ಆದರೆ ಅರ್ಧ ಚರಂಡಿ ಕಟ್ಟೇ ಇಲ್ಲ. ಮಳೆ ಬಂದರೆ ಕೊಳಚೆ ನೀರು ಸೀದಾ ಅಂಗನವಾಡಿ ಬಾಗಿಲಿಗೆ. ಅದಕ್ಕೇ ಕಾಮಗಾರಿಯ ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ದಾಖಲೆ) ಪ್ರತಿ ಕೇಳಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಪಂಚಾಯಿತಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಆರ್‌ಟಿಐ ಅರ್ಜಿ ಹಾಕಿದೆ. 30 ದಿನ ಕಳೆದರೂ ಉತ್ತರ ಇಲ್ಲ. ಕಲಂ 19(1)ರಲ್ಲಿ ಮೊದಲ ಮೇಲ್ಮನವಿ ಹಾಕಿದೆ. ಉಚಿತವಾಗಿ ಮಾಹಿತಿ ಕೊಡಿ ಅಂತ ಆದೇಶವೂ ಆಯ್ತು. ಆಮೇಲೆ ಬಂದಿದ್ದು ಒಂದೇ ಸಾಲಿನ ಪತ್ರ: "ಕಡತ ಲಭ್ಯವಿಲ್ಲ." ಬಿಲ್ ಮಾಡುವಾಗ ಇದ್ದ ಪುಸ್ತಕ ಈಗ ಎಲ್ಲಿಗೆ ಹೋಯ್ತು?

ಗೊಂದಲ ಇಲ್ಲಿದೆ. ಕಲಂ 18ರಲ್ಲಿ ಮಾಹಿತಿ ಆಯೋಗಕ್ಕೆ ದೂರು ಕೊಡಿ, ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ಅಧಿಕಾರಿಗೆ ದಂಡ ಹಾಕಬಹುದು ಅಂತಾರೆ ಕೆಲವರು. ಆದರೆ ಬರೀ ದೂರಿನ ಮೇಲೆ ಆಯೋಗ ಮಾಹಿತಿ ಕೊಡಿಸಲು ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಲ್ವಾ? ನನಗೆ ದಂಡಕ್ಕಿಂತ ಆ ಪುಸ್ತಕದ ಪ್ರತಿ ಮುಖ್ಯ. ಅದೇ ಆಯೋಗಕ್ಕೆ ಹಾಕುವ 19(3)ರ ಎರಡನೇ ಮೇಲ್ಮನವಿಗೆ 90 ದಿನದ ಗಡುವೂ ಇದೆ.

ದೂರು, ಎರಡನೇ ಮೇಲ್ಮನವಿ ಎರಡನ್ನೂ ಒಟ್ಟಿಗೆ ಹಾಕಬಹುದಾ? ಅಥವಾ ಮೇಲ್ಮನವಿಯಲ್ಲೇ ದಂಡವನ್ನೂ ಕೇಳಿದರೆ ಸಾಕಾ? ಇಂಥದ್ದನ್ನು ಆಯೋಗದ ಮುಂದೆ ನಡೆಸಿದವರು ದಯವಿಟ್ಟು ತಿಳಿಸಿ.