ಅಂಗಡಿಯಲ್ಲಿ ಜಾರಿ ಬಿದ್ದವರು ನೋವಿಗೂ ಪರಿಹಾರ ಕೇಳಬಹುದೇ?

ಪ್ರಶ್ನೆ (ಹುಬ್ಬಳ್ಳಿ):
ಸೀರೆ ಖರೀದಿಸಿ ಹೊರಬರುತ್ತಿದ್ದ ನಮ್ಮ ತಾಯಿಯವರು, ನೀರು ಹಾಕಿ ಒರೆಸಿ ಹಾಗೆಯೇ ಬಿಟ್ಟಿದ್ದ ಗ್ರಾನೈಟ್ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದಾರೆ. ಎಚ್ಚರಿಕೆಯ ಫಲಕವಿರಲಿಲ್ಲ. ಅಂಗಡಿಯವರು ಆಸ್ಪತ್ರೆಯ ಖರ್ಚಷ್ಟೇ ಕೊಡುತ್ತಾರಂತೆ. ರೊಟ್ಟಿ ಬಡಿಯಲಾಗದೆ, ರಾತ್ರಿ ನಿದ್ದೆಯಿಲ್ಲದೆ ಅವರು ಪಡುತ್ತಿರುವ ಯಾತನೆಗೆ ಬೆಲೆಯಿಲ್ಲವೇ?

ಉತ್ತರ (ಧಾರವಾಡ):
ಖಂಡಿತ ಕೇಳಬಹುದು. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ 39ನೇ ಕಲಮಿನಂತೆ, ಎದುರುದಾರರ ನಿರ್ಲಕ್ಷ್ಯದಿಂದಾದ ನಷ್ಟಕ್ಕೂ ಗಾಯಕ್ಕೂ ಪರಿಹಾರ ಕೊಡಿಸುವ ಅಧಿಕಾರ ಜಿಲ್ಲಾ ಗ್ರಾಹಕ ಆಯೋಗಕ್ಕಿದೆ. ದೂರನ್ನು 2 ವರ್ಷದೊಳಗೆ ಸಲ್ಲಿಸಬೇಕು. ಖರೀದಿಯ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಸೀರೆಯ ಬಿಲ್ಲನ್ನು ಜೋಪಾನವಾಗಿಡಿ, ತಾಯಿಯವರು ಗ್ರಾಹಕರೆಂಬುದಕ್ಕೆ ಅದೇ ಆಧಾರ.

ಉತ್ತರ (ಗದಗ):
ಎಲ್ಲಕ್ಕಿಂತ ಮೊದಲು, ಸಿಸಿಟಿವಿ ದೃಶ್ಯವನ್ನು ಅಳಿಸದಂತೆ ಅಂಗಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ, ಏಕೆಂದರೆ ಹಳೆಯ ದೃಶ್ಯಗಳ ಮೇಲೆ ಹೊಸವು ತಾವಾಗಿಯೇ ದಾಖಲಾಗುತ್ತವೆ. ‘ಇನ್ನು ಯಾವ ಬಾಕಿಯೂ ಇಲ್ಲ’ ಎಂದು ಬರೆದ ಕಾಗದಕ್ಕೆ ದಯವಿಟ್ಟು ಸಹಿ ಮಾಡಬೇಡಿ.

ಉತ್ತರ (ಹಾವೇರಿ):
ನೋವಿಗೆ ನಿಗದಿತ ದರಪಟ್ಟಿಯಿಲ್ಲ. ಆದ್ದರಿಂದ ಎಕ್ಸ್-ರೇ, ಡಿಸ್ಚಾರ್ಜ್ ಪತ್ರ, ಔಷಧದ ಚೀಟಿಗಳ ಜೊತೆಗೆ, ಕೈ ಎಷ್ಟರಮಟ್ಟಿಗೆ ತಿರುಗುತ್ತದೆ, ಯಾವ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ.